ಮೊದಲ ಸಾಲಿನ ಸಂಖ್ಯೆ

ಲಿಂಡೆನ್ ಬೇ, ವಿಸ್ಕಾನ್ಸಿನ್
1 ಫೆಬ್ರವರಿ 1993

ಮಗಳೇ ಡೋರಿ,

ಇಲ್ಲಿ ಸರೋವರ ಹೆಪ್ಪುಗಟ್ಟಿದೆ, ನನ್ನ ಮೊಣಕಾಲೂ ಹೆಪ್ಪುಗಟ್ಟಿದೆ. ಬಾಯಿ ಮಾತ್ರ ಎಂದಿನಂತೆ ಸಲೀಸಾಗಿ ಓಡುತ್ತಿದೆ. ಕ್ರಿಸ್‌ಮಸ್ಸಿಗೆ ನಿನ್ನ ರೂಮ್‌ಮೇಟ್ ಇನೆಸ್ ಕಳಿಸಿದ ಮೆಕ್ಕೆಜೋಳದ ಕಡುಬು ಖಾಲಿಯಾಯಿತು. ಮೊದಲನೆಯದನ್ನು ಮೇಲೆ ಸುತ್ತಿದ ಸಿಪ್ಪೆ ಸಮೇತ ತಿಂದುಬಿಟ್ಟೆ. ಇಪ್ಪತ್ತು ವರ್ಷ ನೌಕಾಪಡೆಯಲ್ಲಿ ಅಡುಗೆ ಮಾಡಿದವನಿಗೆ ಸಿಪ್ಪೆ ಬಿಚ್ಚಬೇಕು ಎಂಬುದು ಹೊಳೆಯಲಿಲ್ಲ ಎಂದು ಅವಳಿಗೆ ಹೇಳಬೇಡ.

ವಿಷಯಕ್ಕೆ ಬರುತ್ತೇನೆ. ಹೊಸ ಅಧ್ಯಕ್ಷರು ಕುರ್ಚಿ ಬೆಚ್ಚಗಾಗುವ ಮೊದಲೇ, ಸಲಿಂಗಿಗಳು ಬಚ್ಚಿಟ್ಟುಕೊಳ್ಳದೆ ರಾಜಾರೋಷವಾಗಿ ಸೈನ್ಯದಲ್ಲಿರಬಹುದು ಎಂದು ಆಜ್ಞೆ ಮಾಡಲು ಹೊರಟಿದ್ದಾರೆ. ವಾಷಿಂಗ್ಟನ್ನಿನ ಫೋನುಗಳು ಜನರ ಬೈಗುಳದ ಭಾರಕ್ಕೆ ಕೆಟ್ಟು ಕೂತಿವೆಯಂತೆ. ಶುಕ್ರವಾರ ನಮ್ಮ ಮಾಜಿ ಸೈನಿಕರ ಹಾಲ್‌ನಲ್ಲಿ ನಾನು ಮೀನು ಕರಿಯುತ್ತಿದ್ದರೆ ಹೊರಗೆ ಬೇರೆ ಮಾತೇ ಇಲ್ಲ. ಹಾಲ್‌ನ ಯಜಮಾನ ಆರ್ವಿಡ್ ಎದ್ದು ನಿಂತು, "ಹಡಗಲ್ಲಿ ಒಂದರ ಮೇಲೊಂದು ಮೂರು ಹಾಸಿಗೆ. ಮೇಲಿನೋನೂ ಅಂಥೋನೇ, ಕೆಳಗಿನೋನೂ ಅಂಥೋನೇ ಅಂದ್ರೆ ಮಧ್ಯದೋನ ಗತಿ ಏನ್ರಪ್ಪಾ?" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಅಲ್ಲೇ ಒಂದು ವಿರೋಧದ ಅರ್ಜಿ ಬರೆದೆವು. ಬರೆದವನು ನಾನೇ. ಈ ಊರಿನಲ್ಲಿ ಯಾರ ಪಿಂಚಣಿ ನಿಂತರೂ, ಯಾರ ಪದಕ ಕಳೆದರೂ ಮೂವತ್ತು ವರ್ಷದಿಂದ ಸಂಸದರಿಗೆ ಪತ್ರ ಬರೆಯುವ ಕೈ ಇದೇ ತಾನೆ? ನನ್ನ ಸೂತ್ರ ನಿನಗೆ ಬಾಯಿಪಾಠವಾಗಿರಬೇಕು. ಮೊದಲ ಸಾಲಿನಲ್ಲೇ ಹೆಸರು, ದರ್ಜೆ, ಸೇವಾ ಸಂಖ್ಯೆ, ತುಕಡಿ. ಸಂಖ್ಯೆ ಇಲ್ಲದ ಪತ್ರ ಕಸದ ಬುಟ್ಟಿಗೆ ಹೋಗುತ್ತದೆ, ಸಂಖ್ಯೆ ಇರುವ ಪತ್ರ ಸೀದಾ ಸೈನ್ಯದ ಮೇಜಿಗೆ ಹೋಗುತ್ತದೆ. ಆರ್ವಿಡ್‌ನ ಪದಕ ನಲವತ್ತು ವರ್ಷದ ಮೇಲೆ ಬಂದದ್ದು ಹೀಗೇ. ಇನ್ನೂರ ಹನ್ನೆರಡು ಜನ ಸಹಿ ಹಾಕಿದರು, ಎಲ್ಲರೂ ಸಂಖ್ಯೆ ಸಮೇತ. ಮೊದಲ ಸಹಿ ನಿನ್ನ ಅಪ್ಪನದು.

ನೀನು ಹದಿಮೂರು ವರ್ಷದಿಂದ ವಾಯುಪಡೆಯಲ್ಲಿ ಇರುವವಳು. ನಿಮ್ಮ ಕಡೆ ಏನನ್ನುತ್ತಾರೆ, ಒಂದು ಪುಟ ಬರೆದು ಕಳಿಸು. ಶುಕ್ರವಾರ ಗಟ್ಟಿಯಾಗಿ ಓದುತ್ತೇನೆ.

ನಿನ್ನ ಅಪ್ಪ,
ಎಡ್ವಿನ್ ಕುಬಾಲ


ಸ್ಯಾನ್ ಆಂಟೋನಿಯೊ, ಟೆಕ್ಸಾಸ್
14 ಫೆಬ್ರವರಿ 1993

ಅಪ್ಪಾ,

ಪತ್ರ ಸಿಕ್ಕಿತು. ಇಲ್ಲಿ ಆಗಲೇ ಅಂಗಿಯ ತೋಳು ಮಡಚುವಷ್ಟು ಬಿಸಿಲು. ಈ ವಾರ ಸಾಮಾನು ಸಾಗಿಸುವ ಒಂದು ವಿಮಾನದ ಮೂರನೇ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹಾಕಿದ್ದೇವೆ. ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ನಾಲ್ಕು ದಿನ ಹುಡುಕಿ ಕೊನೆಗೆ ನಾನೇ ಕಂಡುಹಿಡಿದೆ. ಹೊಸ ಹುಡುಗರು ಚಪ್ಪಾಳೆ ತಟ್ಟಿದರು.

ಆ ವಿಷಯ ಇಲ್ಲಿ ಯಾರೂ ಮಾತಾಡುವುದಿಲ್ಲ. ಮಾತಾಡಿದರೂ ನಾನು ಅಲ್ಲಿ ನಿಲ್ಲುವುದಿಲ್ಲ. ನನ್ನ ಪತ್ರವನ್ನು ದಯವಿಟ್ಟು ಹಾಲ್‌ನಲ್ಲಿ ಓದಬೇಡ.

ಇನೆಸ್ ನಿನ್ನ ಮೊಣಕಾಲಿಗೆ ಒಂದು ಮುಲಾಮು ಕಳಿಸಿದ್ದಾಳೆ. ಹಚ್ಚಿಕೋ. ಇದಕ್ಕೂ ಸಿಪ್ಪೆ ಇದೆ, ಬಿಚ್ಚಿ ಹಚ್ಚಿಕೋ.

ಡೋರಿ


ಲಿಂಡೆನ್ ಬೇ
8 ಮಾರ್ಚ್ 1993

ಮಗಳೇ,

ಅರ್ಥವಾಯಿತು. ಮೇಲಿನ ಅಧಿಕಾರಿಗಳ ಹೆದರಿಕೆ. ಸಮವಸ್ತ್ರದಲ್ಲಿ ಇರುವವರು ಬಾಯಿ ಬಿಟ್ಟರೆ ಬಣ್ಣಗೇಡು, ನನಗೆ ಗೊತ್ತಿಲ್ಲವೇ? ಆದರೂ ಎಂಜಿನ್ನಿನ ಭಾಗ ಓದಿದೆ. ಎಲ್ಲರೂ ಮೇಜು ಕುಟ್ಟಿದರು. "ಆ ವಿಷಯ ಬಂದರೆ ನಾನು ಅಲ್ಲಿ ನಿಲ್ಲುವುದಿಲ್ಲ" ಎಂಬ ಸಾಲನ್ನೂ ಓದಿದೆ. ಅದಕ್ಕೆ ಇನ್ನೂ ಜೋರಾಗಿ ಕುಟ್ಟಿದರು.

ಈಗ ಒಳ್ಳೆಯ ಸುದ್ದಿ. ಏಪ್ರಿಲ್ ಕೊನೆಗೆ ನಮ್ಮ ಸಂಸದರು ಹಾಲ್‌ಗೇ ಬರುತ್ತಿದ್ದಾರೆ, ಅರ್ಜಿ ತೆಗೆದುಕೊಳ್ಳಲು. ನೀನು ರಜೆ ಹಾಕಿ ಬಾ. ಸಮವಸ್ತ್ರ ಹಾಕಿಕೊಂಡು ಅವರ ಪಕ್ಕ ನಿಂತು, ನಮಗೆ ಅಂಥವರು ಬೇಡ ಎಂದು ಎರಡು ಮಾತು ಹೇಳಿದರೆ ಸಾಕು. ಯುದ್ಧ ಕಂಡ ಹೆಣ್ಣು ಸಾರ್ಜೆಂಟ್ ಹೇಳುವುದಕ್ಕೂ ನಾವು ಮುದುಕರು ಕೆಮ್ಮುವುದಕ್ಕೂ ವ್ಯತ್ಯಾಸ ಇಲ್ಲವೇ? ನೀನು ಮರುಭೂಮಿಯಲ್ಲಿ ವಿಮಾನದ ರೆಕ್ಕೆಯ ಮೇಲೆ ಕೂತ ಫೋಟೊವನ್ನು ಆರ್ವಿಡ್ ಆಗಲೇ ದೊಡ್ಡದು ಮಾಡಿಸಿ, ಅರ್ಜಿಯ ಪಕ್ಕದಲ್ಲಿ ಬಾಗಿಲಿಗೆ ಅಂಟಿಸಿದ್ದಾನೆ. ಕೆಳಗೆ "ಇವಳ ಪರವಾಗಿ ಸಹಿ ಹಾಕಿ" ಎಂದು ಬರೆದಿದ್ದಾನೆ.

ನಿನ್ನ ಅಮ್ಮ ಇದ್ದಿದ್ದರೆ ಹೊಸ ಬಟ್ಟೆ ಹೊಲಿಸಿಕೊಳ್ಳುತ್ತಿದ್ದಳು.

ಅಪ್ಪ


ಸ್ಯಾನ್ ಆಂಟೋನಿಯೊ
20 ಮಾರ್ಚ್ 1993

ಅಪ್ಪಾ,

ಈ ಪತ್ರವನ್ನು ಒಬ್ಬನೇ ಇದ್ದಾಗ ಓದು. ಓದಿದ ಮೇಲೆ ಸುಟ್ಟುಬಿಡು. ಇದು ತಮಾಷೆಯಲ್ಲ.

ಬಾಗಿಲಿಗೆ ಅಂಟಿಸಿದ ಫೋಟೊದಲ್ಲಿ ಇರುವವಳು ಅಂಥವರಲ್ಲಿ ಒಬ್ಬಳು. ನೀನು ಇನ್ನೂರ ಹನ್ನೆರಡು ಸಹಿ ಕೂಡಿಸಿದ್ದು ನನ್ನನ್ನು ಮನೆಗೆ ಕಳಿಸಲು.

ಇನೆಸ್ ನನ್ನ ರೂಮ್‌ಮೇಟ್ ಅಲ್ಲ. ಆರು ವರ್ಷದಿಂದ ನಾವು ಒಂದು ಸಂಸಾರ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ನಾನು ಎಂಜಿನ್ ಬಿಚ್ಚುತ್ತೇನೆ, ಸಂಜೆ ಜಗಳವಾಡುತ್ತೇವೆ, ಊಟ ಮಾಡುತ್ತೇವೆ. ತುಕಡಿಯ ಪಾರ್ಟಿಗೆ ನಾನು ಅವಳ ತಮ್ಮನ ತೋಳು ಹಿಡಿದುಕೊಂಡು ಹೋಗುತ್ತೇನೆ. ಪಾಪ, ಅವನಿಗೂ ಸಾಕಾಗಿದೆ. ನಾನು ಯುದ್ಧಕ್ಕೆ ಹೋದಾಗ, ಸತ್ತರೆ ಯಾರಿಗೆ ತಿಳಿಸಬೇಕು ಎಂಬ ಕಾಗದದಲ್ಲಿ ನಿನ್ನ ಹೆಸರು ಬರೆದೆ. ಅವಳಿಗೆ ಯಾರೂ ಫೋನ್ ಮಾಡುತ್ತಿರಲಿಲ್ಲ ಅಪ್ಪಾ. ಏಳು ತಿಂಗಳು ಅವಳು ಟಿವಿ ನೋಡಿಕೊಂಡೇ ನಾನು ಬದುಕಿದ್ದೇನೆ ಎಂದು ತಿಳಿದುಕೊಂಡಳು.

ಅಮ್ಮನಿಗೆ ಗೊತ್ತಿತ್ತು. ನನಗೆ ಇಪ್ಪತ್ತಮೂರು ವರ್ಷವಾದಾಗ ಅವಳೇ ಕೇಳಿದಳು, ನಾನು ಹೇಳಿದೆ. ನಿನಗೂ ಹೇಳುತ್ತೇನೆ ಅಂದಾಗ ಅವಳು ಅಂದದ್ದು ಇದು: "ಬೇಡ ಕಣೇ. ನಿಮ್ಮಪ್ಪನ ಹೊಟ್ಟೇಲಿ ಎಷ್ಟು ಮೀನು ಬೇಕಾದ್ರೂ ನಿಲ್ಲುತ್ತೆ, ಒಂದು ಮಾತು ನಿಲ್ಲಲ್ಲ."

ನಾನು ಬರುವುದಿಲ್ಲ. ಫೋಟೊ ತೆಗೆಸು. ಇನ್ನು ಏಳು ವರ್ಷ ಹೀಗೇ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಇಪ್ಪತ್ತು ವರ್ಷ ಮುಗಿಯುತ್ತದೆ. ಈ ಒಂದು ಹಾಳೆ ಬೇರೆಯವರ ಕೈಗೆ ಸಿಕ್ಕರೆ ನಾಳೆಯೇ ಮುಗಿಯುತ್ತದೆ. ಅದಕ್ಕೇ ಸುಡು ಅಂದದ್ದು.

ಬೈಯುವುದಿದ್ದರೆ ಬೈದು ಬರೆ. ಸುಮ್ಮನಿರಬೇಡ.

ಡೋರಿ


ಸ್ಯಾನ್ ಆಂಟೋನಿಯೊ
2 ಮೇ 1993

ಅಪ್ಪಾ,

ಐದು ಭಾನುವಾರ ಫೋನ್ ಮಾಡಿದೆ. ಐದು ಸಲವೂ ನೀನು ಎತ್ತಿದೆ, ಉಸಿರು ಬಿಟ್ಟೆ, ಇಟ್ಟೆ. ನಿನ್ನ ಉಸಿರು ನನಗೆ ಗೊತ್ತಾಗುವುದಿಲ್ಲವೇ?

ಸಂಸದರು ಬಂದು ಹೋದರು ಎಂದು ನಿಮ್ಮೂರಿನ ಪತ್ರಿಕೆಯಲ್ಲಿ ನೋಡಿದೆ. ಚಿತ್ರದಲ್ಲಿ ನೀನು ಅವರ ಕೈ ಕುಲುಕುತ್ತಿದ್ದೀಯ. ಹಿಂದಿನ ಬಾಗಿಲಿನ ಮೇಲೆ ನನ್ನ ಫೋಟೊ ಇದೆ.

ಇದು ನನ್ನ ಕೊನೆಯ ಪತ್ರ ಅಂದುಕೋ. ಮೊಣಕಾಲು ನೋಡಿಕೋ.

ಡೋರಿನ್


ಲಿಂಡೆನ್ ಬೇ
25 ಜುಲೈ 1993

ಡೋರಿ, ಮಗಳೇ,

ನಾಲ್ಕು ತಿಂಗಳು ಬರೆಯಲಿಲ್ಲ. ಬರೆಯಲು ಕೂತರೆ ಕೈ ಓಡಲಿಲ್ಲ. ನಿನ್ನ ಪತ್ರ ಓದಿದ ದಿನ ಸಿಡಿಲು ಬಡಿದವನಂತೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಅದಕ್ಕಿಂತ ಜಾಸ್ತಿ ನಿನ್ನ ಅಮ್ಮನ ಮೇಲೆ ಬಂತು. ಮೂವತ್ತಮೂರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳು ನನಗೆ ಹೇಳದೆ ಹೋದಳಲ್ಲ! ಸಮಾಧಿಗೆ ಹೋಗಿ ಜಗಳವಾಡಿ ಬಂದೆ. ಪಕ್ಕದ ಸಮಾಧಿಗೆ ಹೂವು ತಂದ ಹೆಂಗಸು ಹೆದರಿ ಓಡಿದಳು.

ಆಮೇಲೆ ವೆಂಡೆಲ್ ನೆನಪಾದ. ನಿನಗೆ ಅವನ ಬಗ್ಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. 1946ರಲ್ಲಿ ನಮ್ಮ ಹಡಗಿನಲ್ಲಿ ಬ್ರೆಡ್ ಮಾಡುತ್ತಿದ್ದವನು ಅವನು. ಇಡೀ ಪೆಸಿಫಿಕ್ಕಿನಲ್ಲಿ ಅಂಥ ಬ್ರೆಡ್ ಇರಲಿಲ್ಲ. ಅವನ ಪೆಟ್ಟಿಗೆಯಲ್ಲಿ ಒಬ್ಬ ಗಂಡಸಿಗೆ ಬರೆದ ಪತ್ರ ಸಿಕ್ಕಿತು. ಅಧಿಕಾರಿ ನನ್ನನ್ನು ಕರೆದು, "ನಿನ್ನ ಜೊತೆ ಕೆಲಸ ಮಾಡೋನು. ನಿಂಗೇನಾದ್ರೂ ಗೊತ್ತಾ?" ಎಂದು ಕೇಳಿದರು. ನನಗೆ ಇಪ್ಪತ್ತು ವರ್ಷ. ಗೊತ್ತು ಅಂದೆ. ಬರೆದುಕೊಡು ಅಂದರು. ಬರೆದುಕೊಟ್ಟೆ, ಮೊದಲ ಸಾಲಿನಲ್ಲಿ ಅವನ ಹೆಸರು, ದರ್ಜೆ, ಸಂಖ್ಯೆ. ಆ ಸಂಖ್ಯೆ ಇಂದಿಗೂ ನನಗೆ ಬಾಯಿಪಾಠ. ಅವನ ಕೈಗೆ ನೀಲಿ ಕಾಗದ ಕೊಟ್ಟು ಇಳಿಸಿಬಿಟ್ಟರು. ಆ ಬಣ್ಣದ ಕಾಗದ ನೋಡಿದರೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಹೋಗುವ ದಿನ ಬೆಳಗ್ಗೆ ಅವನು ಮರುದಿನದ ಹಿಟ್ಟನ್ನೂ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು ಹೋದ.

ಸಾಕು. ಕಳೆದ ಸೋಮವಾರ ಅಧ್ಯಕ್ಷರ ಮಾತು ಟಿವಿಯಲ್ಲಿ ಕೇಳಿದೆ. ಇನ್ನು ಮೇಲೆ ಸೈನ್ಯದಲ್ಲಿ ಯಾರನ್ನೂ ಕೇಳುವುದಿಲ್ಲ ಅಂದರು! ಹೋದ ಜೀವ ಬಂದಂತಾಯಿತು. ಆ ಜಗಳ ಮುಗಿಯಿತಲ್ಲ ಮಗಳೇ. ಹಾಲ್‌ನಲ್ಲಿ ಉಳಿದಿದ್ದ ಅರ್ಜಿಯ ಪ್ರತಿಯಿಂದ ನನ್ನ ಹೆಸರು ಹೊಡೆದುಹಾಕಿದೆ. ಬಾಗಿಲಿನಿಂದ ಫೋಟೊ ಕಿತ್ತೆ. ಆರ್ವಿಡ್ ಕಾರಣ ಕೇಳಿದ, "ಗೋಂದು ಸರಿಯಿಲ್ಲ" ಅಂದೆ.

ನನ್ನ ತಪ್ಪಿಗೆ ಪ್ರಾಯಶ್ಚಿತ್ತವೂ ಮಾಡಿದ್ದೇನೆ. ಬುಧವಾರ ಸಂಸದರಿಗೆ ಪತ್ರ ಬರೆದೆ. ನೀವು ಈ ಹೊಸ ನಿಯಮದ ಪರ ನಿಲ್ಲಬೇಕು, ಯಾಕೆಂದರೆ ನನ್ನ ಮಗಳೇ ಅಂಥವಳು, ಅವಳಿಗಿಂತ ಒಳ್ಳೆಯ ಸಾರ್ಜೆಂಟ್ ನಿಮಗೆ ಸಿಗುವುದಿಲ್ಲ ಎಂದು. ಮೂರು ಪುಟ. ನನ್ನ ಜನ್ಮದಲ್ಲೇ ಅಷ್ಟು ಒಳ್ಳೆಯ ಪತ್ರ ಬರೆದಿಲ್ಲ. ಮೊದಲ ಸಾಲಿನಲ್ಲೇ ನಿನ್ನ ಹೆಸರು, ದರ್ಜೆ, ಸೇವಾ ಸಂಖ್ಯೆ, ತುಕಡಿ, ಒಂದಕ್ಷರ ತಪ್ಪಿಲ್ಲ. ನೀನು ಯುದ್ಧಕ್ಕೆ ಹೋದಾಗ ಕಳಿಸಿದ್ದ ಆ ಕಾಗದದಿಂದಲೇ ಸಂಖ್ಯೆ ತೆಗೆದುಕೊಂಡೆ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ, ಕಳೆದುಹೋಗುವ ಮಾತೇ ಇಲ್ಲ.

ನಿನ್ನ ಮಾರ್ಚ್ ತಿಂಗಳ ಪತ್ರ ಸುಡಲು ಮನಸ್ಸಾಗಲಿಲ್ಲ. ಹಿಟ್ಟಿನ ಡಬ್ಬದ ತಳದಲ್ಲಿಟ್ಟಿದ್ದೇನೆ. ಅಲ್ಲಿ ಯಾರೂ ನೋಡುವುದಿಲ್ಲ.

ಇನೆಸ್‌ಗೆ ನನ್ನ ನಮಸ್ಕಾರ. ಕಡುಬು ಸಿಪ್ಪೆ ಬಿಚ್ಚಿ ತಿನ್ನುವುದು ಕಲಿತಿದ್ದೇನೆ ಎಂದು ಹೇಳು.

ನಿನ್ನ ಅಪ್ಪ


ಸ್ಯಾನ್ ಆಂಟೋನಿಯೊ
29 ಜುಲೈ 1993
ತುರ್ತು ಅಂಚೆ

ಅಪ್ಪಾ, ಏನು ಮಾಡಿಬಿಟ್ಟೆ!

ಎರಡು ದಿನದಿಂದ ಫೋನ್ ಮಾಡುತ್ತಿದ್ದೇನೆ, ಎತ್ತುತ್ತಿಲ್ಲ. ಎಲ್ಲಿದ್ದೀಯ?

ಅವರು ಕೇಳುವುದಿಲ್ಲ ಅಂದದ್ದು ನಿಜ. ನಾವೂ ಹೇಳಬಾರದು ಅಂದದ್ದು ನಿನ್ನ ಕಿವಿಗೆ ಬೀಳಲಿಲ್ಲವೇ? ಜಗಳ ಮುಗಿದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇರಬಹುದು, ಗೊತ್ತಾದರೆ ಹೊರಗೆ ಹೋಗಬೇಕು, ಅಷ್ಟೇ. ಯಾರು ಹೇಳಿದರು ಎಂಬುದು ಮುಖ್ಯವಲ್ಲ. ಹೆತ್ತ ಅಪ್ಪ ಕೈಯಾರೆ ಬರೆದು, ಸಂಖ್ಯೆ ಹಾಕಿ, ಸಹಿ ಮಾಡಿ ಕೊಟ್ಟ ಮೇಲೆ ಅವರು ಇನ್ನು ಯಾರನ್ನು ಕೇಳಬೇಕು?

ಸುಡು ಅಂದದ್ದನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟೆ. ಬಚ್ಚಿಡಬೇಕಾದದ್ದನ್ನು ರಿಜಿಸ್ಟರ್ ಮಾಡಿ ಸಂಸದರಿಗೆ ಕಳಿಸಿದೆ.

ಸಂಸದರ ಕಚೇರಿಗೆ ಹೋಗು. ಈಗಲೇ ಹೋಗು. ಕಾಲು ಹಿಡಿದಾದರೂ ಆ ಪತ್ರ ವಾಪಸ್ ತೆಗೆದುಕೊಂಡು ಬಾ. ಇನೆಸ್ ಗೋಡೆಗೆ ಒರಗಿ ಕೂತವಳು ಎದ್ದೇ ಇಲ್ಲ.

ಡೋರಿ


ಲಿಂಡೆನ್ ಬೇ
6 ಆಗಸ್ಟ್ 1993

ಮಗಳೇ,

ಮೀನು ಹಿಡಿಯಲು ಸರೋವರದ ಆಚೆ ದಡಕ್ಕೆ ಹೋಗಿದ್ದೆ. ಸಂತೋಷದಿಂದ ಹೋಗಿದ್ದೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವನ ಹಾಗೆ. ವಾಪಸ್ ಬಂದು ನಿನ್ನ ಪತ್ರ ನೋಡಿದೆ. ಅದೇ ಬಟ್ಟೆಯಲ್ಲಿ, ಮೀನಿನ ವಾಸನೆಯಲ್ಲಿ ಸಂಸದರ ಇಲ್ಲಿನ ಕಚೇರಿಗೆ ಹೋದೆ.

ಅಲ್ಲಿ ಪತ್ರ ವಿಂಗಡಿಸುವ ಹುಡುಗಿ ನನ್ನನ್ನು ನೋಡಿ ನಕ್ಕಳು. ಮೂರು ವರ್ಷದಿಂದ ನನ್ನ ಪತ್ರಗಳನ್ನು ತೆರೆಯುವವಳು ಅವಳೇ.

"ಬನ್ನಿ ಬನ್ನಿ ಕುಬಾಲ ಅವ್ರೇ! ನಿಮ್ಮ ಪತ್ರ ಬಂದ ದಿನಾನೇ ಹೋಯ್ತು."

"ಎಲ್ಲಿಗೆ ಹೋಯ್ತಮ್ಮಾ?"

"ಇನ್ನೆಲ್ಲಿಗೆ? ವಾಯುಪಡೆ ಕಚೇರಿಗೆ. ಎಲ್ರೂ ನಿಮ್ಮ ಥರಾ ಸಂಖ್ಯೆ, ತುಕಡಿ ಎಲ್ಲಾ ನೀಟಾಗಿ ಬರೆದ್ರೆ ನಂಗೆಷ್ಟು ಕೆಲ್ಸ ಕಮ್ಮಿ ಗೊತ್ತಾ?"

"ಸಂಸದರು ಓದಿದ್ರಾ?"

"ಅಯ್ಯೋ, ಸಂಖ್ಯೆ ಇರೋ ಪತ್ರ ಅವ್ರ್ ಯಾಕೆ ಓದ್ತಾರೆ? ಸೈನಿಕರ ದೂರು ಅಂತ ಚೀಟಿ ಅಂಟಿಸಿ ಕಳಿಸ್ತೀವಿ. ಅವರು ಮೂವತ್ತು ದಿನದೊಳಗೆ ಉತ್ತರ ಕೊಡ್ಲೇಬೇಕು."

ಅವಳೂ ಓದಿರಲಿಲ್ಲ ಡೋರಿ. ಮೊದಲ ಸಾಲು ನೋಡಿ ಚೀಟಿ ಅಂಟಿಸಿದ್ದಳು. ವಾಪಸ್ ತರಿಸಬಹುದೇ ಎಂದು ಕೇಳಿದೆ. "ಮಾತು ಆಡಿದ್ರೆ ಹೋಯ್ತು ಅಂತಾರಲ್ಲ, ಪತ್ರಾನೂ ಹಂಗೇ," ಅಂದು ಮತ್ತೆ ನಕ್ಕಳು. ಅವಳ ತಪ್ಪೇನಿದೆ?

ಮೂವತ್ತು ವರ್ಷ ಈ ಊರಿನವರಿಗೆಲ್ಲ ಹೇಳಿಕೊಟ್ಟ ಉಪಾಯ ಇದು. ಒಂದು ಸಲವೂ ಕೈಕೊಟ್ಟಿರಲಿಲ್ಲ. ಈ ಸಲವೂ ಕೊಡಲಿಲ್ಲ. ನಿನ್ನ ಅಮ್ಮನಿಗೆ ನನ್ನ ಹೊಟ್ಟೆ ಗೊತ್ತಿತ್ತು.

ಅಪ್ಪ


ಸ್ಯಾನ್ ಆಂಟೋನಿಯೊ
9 ಸೆಪ್ಟೆಂಬರ್ 1993

ಅಪ್ಪಾ,

ಮಂಗಳವಾರ ಕರ್ನಲ್ ಕರೆಸಿದರು. ಮೇಜಿನ ಮೇಲೆ ನಿನ್ನ ಪತ್ರ. ದೂರದಿಂದಲೇ ನಿನ್ನ ಕೈಬರಹ ಗುರುತು ಸಿಕ್ಕಿತು. ನೀನು ಅಮ್ಮನಿಗೆ ಬರೆದ ಕಾಗದಗಳ ಮೇಲೆ, ನನ್ನ ಶಾಲೆಯ ರಜಾಚೀಟಿಗಳ ಮೇಲೆ ಇದ್ದ ಅದೇ ದುಂಡು ಅಕ್ಷರ. ಮೂಲೆಯಲ್ಲಿ "ಸಾಕ್ಷ್ಯ ಒಂದು" ಎಂದು ಮುದ್ರೆ ಒತ್ತಿದ್ದಾರೆ.

ಅವರು ಕೆಟ್ಟವರಲ್ಲ. ಮರುಭೂಮಿಯಲ್ಲಿ ನಾನು ರಿಪೇರಿ ಮಾಡಿದ ವಿಮಾನದಲ್ಲೇ ಹಾರಿದವರು. "ಸಾರ್ಜೆಂಟ್, ಇದು ಬರದೇ ಇದ್ದಿದ್ರೆ ನಾನು ನಿಮ್ಮನ್ನ ಜನ್ಮದಲ್ಲಿ ಕೇಳ್ತಿರಲಿಲ್ಲ. ಈಗ ಮೇಲಿನವರಿಗೆ ಉತ್ತರ ಬರೀಬೇಕು, ಗಡುವು ಇದೆ," ಅಂದರು. ನನ್ನ ಮುಖ ನೋಡದೆ ಕಿಟಕಿ ನೋಡಿಕೊಂಡು ಅಂದರು.

ನನ್ನನ್ನು ಎಂಜಿನ್ ಕೆಲಸದಿಂದ ತೆಗೆದು ಉಪಕರಣ ಎಣಿಸುವ ಕೋಣೆಯಲ್ಲಿ ಕೂರಿಸಿದ್ದಾರೆ. ಅಕ್ಟೋಬರ್ 18ಕ್ಕೆ ವಿಚಾರಣೆ. ಮೂರು ಜನ ಅಧಿಕಾರಿಗಳು ಕೂತು ನಾನು ಇರಬೇಕೋ ಹೋಗಬೇಕೋ ತೀರ್ಮಾನ ಮಾಡುತ್ತಾರೆ. ನನ್ನ ಕಡೆಗೊಬ್ಬ ವಕೀಲರನ್ನು ಕೊಟ್ಟಿದ್ದಾರೆ. ಅವರ ಪ್ರಕಾರ ನನ್ನ ವಿರುದ್ಧ ಇರುವುದು ನಿನ್ನ ಪತ್ರ ಒಂದೇ. ಬರೆದವನೇ ಅದು ಸುಳ್ಳು ಎಂದು ಪ್ರಮಾಣ ಮಾಡಿದರೆ ಇಡೀ ಕಟ್ಟಡ ಬಿದ್ದುಹೋಗುತ್ತದಂತೆ.

ಅವರು ನಿನ್ನನ್ನು ಕೇಳು ಅಂದರು. ನಾನು ಕೇಳುತ್ತಿಲ್ಲ. ಅವರು ಹೇಳಿದ್ದನ್ನು ಬರೆದಿದ್ದೇನೆ ಅಷ್ಟೇ.

ಡೋರಿ


ಲಿಂಡೆನ್ ಬೇ
20 ಸೆಪ್ಟೆಂಬರ್ 1993

ಮಗಳೇ,

ಮುಗಿಸಿದೆ. ಪ್ರಮಾಣಪತ್ರ ನಿನ್ನ ವಕೀಲರಿಗೆ ನೇರವಾಗಿ ಹೋಗಿದೆ. ನಾನು ಕುಡುಕ, ಅರವತ್ತೇಳು ವರ್ಷದ ಅರಳುಮರುಳು ಮುದುಕ, ಮಗಳು ಊರಿಗೆ ಬರಲಿಲ್ಲ ಎಂಬ ಸಿಟ್ಟಿಗೆ ಆ ಪತ್ರ ಹೆಣೆದೆ ಎಂದು ಬರೆದಿದ್ದೇನೆ. ಕುಡುಕ ಎಂಬುದನ್ನು ಯಾರೂ ಅನುಮಾನಿಸಬಾರದು ಎಂದು ಎರಡು ಕಡೆ ಬರೆದೆ.

ಪ್ರಮಾಣಕ್ಕೆ ಮುದ್ರೆ ಒತ್ತುವ ಅಧಿಕಾರ ಈ ಊರಿನಲ್ಲಿ ಇರುವುದು ಆರ್ವಿಡ್‌ಗೆ. ಬೇರೆ ದಾರಿ ಇರಲಿಲ್ಲ. ಅವನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. ಆಮೇಲೆ ಕೇಳಿದ.

"ಎಡ್ವಿನ್, ಇದು ನಿಜಾನಾ?"

"ಪ್ರಮಾಣ ಅಂತ ಮೇಲೇ ಬರೆದಿದೆಯಲ್ಲೋ."

"ಅದನ್ನಲ್ಲ ಕೇಳಿದ್ದು. ಆ ಮೊದಲ್ನೇ ಪತ್ರ."

ನಾನು ಕಾಗದವನ್ನು ಅವನ ಕಡೆಗೆ ಇನ್ನಷ್ಟು ಸರಿಸಿದೆ. ಅವನು ಬಹಳ ಹೊತ್ತು ಮುದ್ರೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ, ಕೊನೆಗೆ ಒತ್ತಿದ. ಬಾಗಿಲವರೆಗೆ ಬಂದು, "ಆ ಮಧ್ಯದ ಹಾಸಿಗೆ ಜೋಕು... ನೀನೂ ನಕ್ಕಿದ್ಯಲ್ಲೋ ಮಾರಾಯಾ," ಅಂದ. ನನಗೆ ಅಳು ಬಂತು ಮಗಳೇ.

ನಾನು ವಿಚಾರಣೆಗೆ ಬರುತ್ತೇನೆ ಅಂದರೆ ವಕೀಲರು ಬೇಡ ಅಂದರು. ನಿಮ್ಮ ಮುಖ ನೋಡಿದರೆ ಸುಳ್ಳು ಗೊತ್ತಾಗುತ್ತದೆ ಅಂದರು. ಒಂದು ಸಲ ನಿಜ ಹೇಳಿ ವೆಂಡೆಲ್‌ನನ್ನು ಹಾಳು ಮಾಡಿದೆ. ಈ ಸಲ ಸುಳ್ಳು ಹೇಳಿಯಾದರೂ ನಿನ್ನನ್ನು ಉಳಿಸುತ್ತೇನೆ. ನೀನು ಬಾಯಿ ಬಿಡಬೇಡ. ಸುಮ್ಮನೆ ಕೂತಿದ್ದರೆ ಸಾಕು.

ಅಪ್ಪ


ಸ್ಯಾನ್ ಆಂಟೋನಿಯೊ
19 ಅಕ್ಟೋಬರ್ 1993

ಅಪ್ಪಾ,

ಮುಗಿಯಿತು. ನೀನು ಕೂತುಕೊಂಡು ಓದು.

ವಿಚಾರಣೆಗೆ ಹೊರಗಿನವರೂ ಬರಬಹುದು. ಇನೆಸ್ ಶಾಲೆಗೆ ರಜೆ ಹಾಕಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ಮೊದಲು ನಿನ್ನ ಪತ್ರವನ್ನು ಪೂರ್ತಿ ಓದಿದರು. ಮೂರು ಪುಟವನ್ನೂ. ಅದರಲ್ಲಿ ಏನಿದೆ ಎಂದು ನೀನು ನನಗೆ ಸರಿಯಾಗಿ ಹೇಳಿರಲೇ ಇಲ್ಲ. "ನನ್ನ ಮಗಳು ಇನೆಸ್ ಎಂಬ ಹೆಣ್ಣನ್ನು ಪ್ರೀತಿಸುತ್ತಾಳೆ. ಆ ಹೆಣ್ಣು ಮಾಡಿದ ಕಡುಬನ್ನು ನಾನು ಸಿಪ್ಪೆ ಸಮೇತ ತಿಂದಿದ್ದೇನೆ. ನನ್ನ ಮಗಳು ಮುಟ್ಟಿದ ವಿಮಾನ ಒಂದೂ ಬಿದ್ದಿಲ್ಲ. ಇನ್ನು ಮೇಲೆ ಅವಳನ್ನು ಯಾರೂ ಕೇಳುವುದಿಲ್ಲವಂತೆ. ಕೇಳದಿದ್ದರೂ ನಾನು ಹೇಳುತ್ತೇನೆ, ಅವಳು ನನ್ನ ಮಗಳು." ಓದುತ್ತಿದ್ದ ಕ್ಯಾಪ್ಟನ್ ಸಿಪ್ಪೆಯ ಹತ್ತಿರ ಬಂದಾಗ ನಗು ತಡೆಯಲು ಕೆಮ್ಮಿದ. ಇನೆಸ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಲೂ ಅಳುತ್ತಲೂ ಇದ್ದಳು.

ಆಮೇಲೆ ವಕೀಲರು ನಿನ್ನ ಪ್ರಮಾಣಪತ್ರ ಓದಿದರು. "ನನ್ನ ಮಗಳು ಅಂಥವಳಲ್ಲ. ಇನೆಸ್ ಎಂಬಾಕೆ ಮನೆಯ ಅರ್ಧ ಬಾಡಿಗೆ ಕೊಡುವ ಹೆಂಗಸು, ಅದಕ್ಕಿಂತ ಹೆಚ್ಚೇನೂ ಅಲ್ಲ." ಇನೆಸ್ ತಲೆ ತಗ್ಗಿಸಿದಳು. ಆರು ವರ್ಷದಿಂದ ನಾನೇ ಎಲ್ಲರ ಮುಂದೆ ಅದೇ ಮಾತು ಹೇಳುತ್ತಿದ್ದೆ ಅಪ್ಪಾ, ಅದೇ ಪದಗಳಲ್ಲಿ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗಲೇ ನನಗೆ ಗೊತ್ತಾಗಿದ್ದು, ಅದು ಎಷ್ಟು ಹೊಲಸಾದ ಮಾತು ಎಂದು.

ಮುಖ್ಯ ಅಧಿಕಾರಿ ಎರಡೂ ಕಾಗದ ಎತ್ತಿ ಹಿಡಿದು, "ಒಂದೇ ಕೈಬರಹ, ಎರಡು ಮಾತು. ಸಾರ್ಜೆಂಟ್, ನೀವು ಉತ್ತರ ಕೊಡಲೇಬೇಕು ಅಂತೇನಿಲ್ಲ. ಕೊಡೋದಿದ್ರೆ ಹೇಳಿ. ನಿಮ್ಮ ತಂದೆ ಯಾವಾಗ ನಿಜ ಹೇಳಿದ್ರು?" ಅಂದರು. ವಕೀಲರು ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿದರು.

ನಾನು ಎದ್ದು ನಿಂತೆ. "ಮೊದಲನೇ ಸಲ, ಸರ್," ಅಂದೆ.

ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ತಿಂಗಳ ಕೊನೆಗೆ ನನ್ನ ಬಿಡುಗಡೆ. ನಡತೆಗೆ ಕಳಂಕವಿಲ್ಲದ, ಗೌರವದ ಬಿಡುಗಡೆ ಎಂದು ಬರೆದುಕೊಟ್ಟರು. ಬಿಳಿ ಕಾಗದ ಅಪ್ಪಾ, ನೀಲಿಯಲ್ಲ. ಹೊರಗೆ ಬಂದಾಗ ನನ್ನ ಕೆಳಗೆ ಕೆಲಸ ಮಾಡುವ ಹುಡುಗರು ಸಾಲಾಗಿ ನಿಂತಿದ್ದರು. ಇಬ್ಬರು ಸೆಲ್ಯೂಟ್ ಹೊಡೆದರು, ಒಬ್ಬ ಮುಖ ತಿರುಗಿಸಿದ. ಅವನಿಗೆ ಎಣ್ಣೆ ಸೋರುವ ಜಾಗ ಹುಡುಕುವುದನ್ನು ಕಲಿಸಿದವಳು ನಾನು.

ಏಳು ವರ್ಷ ಬಾಕಿ ಇತ್ತು. ಹೋಯಿತು. ಮುಂದೇನು ಎಂದು ಗೊತ್ತಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಮೂರು ಪುಟದ ಒಂದು ಪ್ರತಿ ಬೇಕು ಎಂದು ನಾನೇ ಅರ್ಜಿ ಹಾಕಿ ತೆಗೆದುಕೊಂಡಿದ್ದೇನೆ. ಮುದ್ರೆ ಸಮೇತ.

ಡೋರಿ


ಲಿಂಡೆನ್ ಬೇ
31 ಅಕ್ಟೋಬರ್ 1993

ಮಗಳೇ,

ನಿನ್ನ ಪತ್ರ ಓದಿ ಬಾಣಲೆಯನ್ನು ಗೋಡೆಗೆ ಎಸೆದೆ. ಸುಮ್ಮನೆ ಕೂತಿದ್ದರೆ ಉಳಿಯುತ್ತಿದ್ದೆಯಲ್ಲೇ! ನಾನು ಕುಡುಕ ಅಂತ ಬರೆದುಕೊಟ್ಟದ್ದು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ! ಒಂದು ದಿನವೆಲ್ಲ ಹೀಗೇ ಕೂಗಾಡಿದೆ. ಮರುದಿನ ಗೋಡೆಗೆ ಬಣ್ಣ ಬಳಿಯುವಾಗ ಬೇರೆಯದೇ ಹೊಳೆಯಿತು. ವೆಂಡೆಲ್‌ನನ್ನು ಆ ದಿನ ಅಧಿಕಾರಿ ಕೇಳಿದ್ದರೆ ಅವನೂ ಹಾಗೇ ಹೇಳುತ್ತಿದ್ದನೋ ಏನೋ. ಅವನನ್ನು ಯಾರೂ ಕೇಳಲೇ ಇಲ್ಲ. ನನ್ನನ್ನು ಕೇಳಿದರು.

ಮೊನ್ನೆ ಶುಕ್ರವಾರ ಹಾಲ್‌ನಲ್ಲಿ ಹೀಗಾಯಿತು. ಗೋಡೆಯ ಮೇಲೆ ಊರಿನ ಮಕ್ಕಳ ಹೆಸರಿನ ಹಿತ್ತಾಳೆ ತಗಡುಗಳು ಇವೆಯಲ್ಲ, ಎಡಕ್ಕೆ ಸೇವೆಯಲ್ಲಿರುವವರು, ಬಲಕ್ಕೆ ಸೇವೆ ಮುಗಿಸಿದವರು. ನಾನೇ ಸ್ಕ್ರೂಡ್ರೈವರ್ ತೆಗೆದುಕೊಂಡು ನಿನ್ನ ಹೆಸರನ್ನು ಎಡದಿಂದ ಬಿಚ್ಚಿದೆ. ಯಾಕೆ ಎಂದು ಕೇಳಿದರು. ಕೇಳಿದರಲ್ಲ, ಹೇಳಿದೆ.

ಒಬ್ಬ, "ಹಂಗಾದ್ರೆ ಬಲಗಡೆನೂ ಹಾಕ್ಬಾರ್ದು," ಅಂದ. ಆರ್ವಿಡ್ ಎದ್ದು ಬಂದು ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡ. ಅವನು ನಿನ್ನ ತಗಡನ್ನು ಬಲಗಡೆ ಇಟ್ಟು ತಿರುಪು ಬಿಗಿ ಮಾಡುತ್ತಾ, "ಗೌರವದ ಬಿಡುಗಡೆ ಅಂತ ಸೈನ್ಯಾನೇ ಬರೆದುಕೊಟ್ಟಿದೆ. ನೀನ್ಯಾವ ಜನರಲ್ ಅಪ್ಪಾ?" ಅಂದ. ಹನ್ನೊಂದು ಜನ ತಟ್ಟೆ ಬಿಟ್ಟು ಎದ್ದು ಹೋದರು. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಮೀನು ಉಳಿಯಿತು.

ಯುದ್ಧ ಕಂಡು ಗೌರವದಿಂದ ಬಿಡುಗಡೆಯಾದ ಯಾರೇ ಆದರೂ ನಮ್ಮ ಹಾಲ್‌ನ ಸದಸ್ಯರಾಗಬಹುದು. ಆ ಫಾರಂ ಇದರ ಜೊತೆಗಿದೆ. ನೀನು ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ಇಬ್ಬರೂ ಬನ್ನಿ. ಆ ಹನ್ನೊಂದು ಜನರೂ ಮುಂದೊಂದು ಶುಕ್ರವಾರ ವಾಪಸ್ ಬರುತ್ತಾರೆ, ಅವರ ಬಾಯಿಗೆ ನಾನು ಖಾತ್ರಿ ಕೊಡಲಾರೆ. ನನ್ನ ಬಾಯಿಗೇ ಕೊಡಲಾರೆ.

ಅಭ್ಯಾಸಬಲದಿಂದ ಫಾರಂ ತುಂಬಲು ಪೆನ್ನು ತೆಗೆದೆ. ನಿನ್ನ ಸಂಖ್ಯೆ ನನಗೆ ಬಾಯಿಪಾಠ, ವೆಂಡೆಲ್‌ನ ಸಂಖ್ಯೆಯಂತೆಯೇ. ಪೆನ್ನು ಮುಚ್ಚಿಟ್ಟೆ.

ಮೊದಲ ಸಾಲು ಖಾಲಿ ಬಿಟ್ಟಿದ್ದೇನೆ ಡೋರಿ. ಅದನ್ನು ಬರೆಯುವುದೂ ಬಿಡುವುದೂ ನಿನಗೆ ಸೇರಿದ್ದು.

ನಿನ್ನ ಅಪ್ಪ